ಮನವಿ ಪತ್ರದೊಡನೆ ಲೆಕ್ಕವೂ ಇರಲಿ



ಶಾಸಕರು ಬಂದಾಗ ನಾವು ಹಾರ ಹಾಕಿ ಮನವಿ ಪತ್ರ ಕೊಡುತ್ತೇವೆ. ಅದರಲ್ಲಿ ‘ನಮ್ಮ ಬಡಾವಣೆಗೆ ಸೌಲಭ್ಯ ಒದಗಿಸಬೇಕು’ ಎಂದಿರುತ್ತದೆಯೇ ಹೊರತು ಎಷ್ಟು ಮನೆಗಳಿಗೆ ನಲ್ಲಿಯಿಲ್ಲ, ಏಳನೆಯ ತರಗತಿಯ ನಂತರ ಎಷ್ಟು ಹೆಣ್ಣುಮಕ್ಕಳು ಶಾಲೆ ಬಿಟ್ಟರು ಎಂಬ ಅಂಕಿ ಇರುವುದಿಲ್ಲ. ಹಾಗೆ ಬರೆದುಕೊಟ್ಟವರಲ್ಲಿ ನಾವೂ ಇದ್ದೇವೆ.

ಸರಕಾರದ ಬಳಿ ಅಂಕಿಗಳಿಲ್ಲವೇ? ಇವೆ. ಆದರೆ ನಮ್ಮ ಕೈಗೆ ಸಿಗುವುದು ಹೆಚ್ಚಾಗಿ ತಾಲೂಕಿನ ಲೆಕ್ಕ. 2008ರಲ್ಲಿ ಮೊದಲ ಚುನಾವಣೆ ಕಂಡ ವರುಣ ಕ್ಷೇತ್ರದೊಳಗೆ ನಂಜನಗೂಡು, ತಿ. ನರಸೀಪುರ ತಾಲೂಕುಗಳ ಹಲವು ಗ್ರಾಮಗಳಿವೆ. ಆದ್ದರಿಂದ ತಾಲೂಕಿನ ಅಂಕಿಯು ಯಾವ ಶಾಸಕರ ಕ್ಷೇತ್ರದ ಅಂಕಿಯೂ ಅಲ್ಲ. ಗ್ರಾಮವಾರು, ವಾರ್ಡುವಾರು ಕೂಡಿಸಬೇಕು. ಜನಗಣತಿಯಲ್ಲಿ ಅಂತಹ ವಿವರವಿದೆ, ಆದರೆ ಅದು 2011ರದ್ದು. 2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದೂಡಲ್ಪಟ್ಟಿತು. 2011ರಲ್ಲಿ ಹುಟ್ಟಿದ ಮಗು ಪ್ರೌಢಶಾಲೆಯ ವಯಸ್ಸಿಗೆ ಬಂದಾಯಿತು!

ರಾಷ್ಟ್ರೀಯ ದತ್ತಾಂಶ ಕೋಶವೊಂದು ಬೇಕೆಂದು 2006ರಲ್ಲಿಯೇ ಸಾಚಾರ್ ಸಮಿತಿ ಹೇಳಿತ್ತು. ದಿಲ್ಲಿಯ ಕೋಶಕ್ಕಾಗಿ ನಂಜನಗೂಡಿನ ಬೀದಿ ಕಾಯಬೇಕಿಲ್ಲ. ಬಾಕಿಯಿರುವ ವಿಧವಾ ವೇತನದ ಅರ್ಜಿಗಳೆಷ್ಟೆಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಉಳಿದುದನ್ನು ಮನೆಮನೆಗೆ ಹೋಗಿ ಬರೆದುಕೊಳ್ಳೋಣ. ಪದವಿ ಓದಿದ ನಮ್ಮ ಹೆಣ್ಣುಮಕ್ಕಳು ಈ ಕೆಲಸದಲ್ಲಿರಲೇಬೇಕು. ಒಳಮನೆಯ ಕಷ್ಟವನ್ನು ತಾಯಂದಿರು ಅವರಿಗೆ ಹೇಳುವರು, ನಮಗಲ್ಲ. ಹೆಸರುಗಳು ನಮ್ಮಲ್ಲೇ ಇರಲಿ, ಶಾಸಕರಿಗೆ ಸಂಖ್ಯೆ ಸಾಕು. ನೆರೆಮನೆಯವರು ಯಾವ ಸಮುದಾಯದವರಾದರೂ ಲೆಕ್ಕದಿಂದ ಬಿಡಬಾರದು. 2019ರಲ್ಲಿ ಕಪಿಲೆ ಮನೆಯೊಳಗೆ ನುಗ್ಗಿದಾಗ ಜಾತಿ ಕೇಳಲಿಲ್ಲ. ಆ ಬೀದಿಗಳಿಂದಲೇ ಆರಂಭಿಸೋಣ.