ಹಳೆಯ ಜೀಪಿನ ಮೂಲಪಾಠ



ಚಿತ್ರದುರ್ಗ ಜಿಲ್ಲೆಯ ದಾರಿಗಳೆಲ್ಲ ಒಂದೇ ಜಾತಿಯವಲ್ಲ. ಹಿರಿಯೂರನ್ನು ಹಾದುಹೋಗುವ ಹೆದ್ದಾರಿ ನುಣುಪಾದುದು. ಅದನ್ನು ಬಿಟ್ಟು ಹೊಸದುರ್ಗದ ತೆಂಗಿನ ತೋಟಗಳ ಕಡೆಗೋ, ಹೊಳಲ್ಕೆರೆಯ ಅಡಿಕೆ ತೋಟಗಳ ಕಡೆಗೋ, ಚಿತ್ರದುರ್ಗದ ಸುತ್ತ ಗಾಳಿಯಂತ್ರಗಳು ನಿಂತಿರುವ ಗುಡ್ಡಗಳ ನೆತ್ತಿಗೋ ತಿರುಗಿದರೆ ಕಲ್ಲು, ಕೊರಕಲು, ಮಳೆ ಬಿದ್ದರೆ ಎರೆಮಣ್ಣಿನ ಕೆಸರು. ಇಂಥ ದಾರಿಗಳಿಗೆ ನಾಲ್ಕು ಚಕ್ರಗಳಿಗೂ ಎಳೆತವನ್ನು ಹಂಚಬಲ್ಲ ಜೀಪು ಹೇಳಿ ಮಾಡಿಸಿದ ವಾಹನ. ಅದರ ಉಕ್ಕಿನ ಚಾಸಿ ಗಟ್ಟಿಯಾದುದು. ಎಂಜಿನ್ನಿನ ಆಯುಷ್ಯ ತೀರಿದ ಮೇಲೂ ಮೈ ಉಳಿದಿರುತ್ತದೆ. ಆಗ ಮಾಲೀಕನ ಮನಸ್ಸಿನಲ್ಲಿ ಒಂದು ಯೋಚನೆ ಮೂಡುವುದು ಸಹಜ: ಹಳೆಯ ಎಂಜಿನ್ನನ್ನು ಇಳಿಸಿ ಬೇರೊಂದನ್ನು ಕೂರಿಸಿದರೇನು?

ಗ್ಯಾರೇಜಿಗೆ ಹೋದವನು ಕೇಳುವ ಮೊದಲ ಪ್ರಶ್ನೆ, ‘ಇದಕ್ಕೆ ಯಾವ ಎಂಜಿನ್ ಕೂರುತ್ತದೆ?’ ಎಂಬುದು. ಅದು ಎರಡನೆಯ ಪ್ರಶ್ನೆಯಾಗಬೇಕು. ಮೊದಲನೆಯದು ಬೇರೆಯೇ ಇದೆ: ‘ಈ ಜೀಪು ಕಾರ್ಖಾನೆಯಿಂದ ಹೊರಬಿದ್ದಾಗ ಇದರಲ್ಲಿ ಏನೇನಿತ್ತು, ಯಾವ ಅಳತೆಯಲ್ಲಿತ್ತು?’ ಇಂದಿನ ನನ್ನ ಮಾತು ಈ ಮೊದಲನೆಯ ಪ್ರಶ್ನೆಯನ್ನು ಕುರಿತದ್ದು.

ಕನ್ನಡ ಪಾಠ ಹೇಳಿಕೊಂಡಿದ್ದವನಿಗೆ ಎಂಜಿನ್ನಿನ ಗೊಡವೆ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಎಂಜಿನ್ ಬಿಚ್ಚುವ ವಿದ್ಯೆ ನನ್ನದಲ್ಲ, ನಿಜ. ಆದರೆ ಒಂದು ಕೃತಿಯ ಮೂಲಪಾಠ ಯಾವುದು, ಅದಕ್ಕೆ ಆಮೇಲೆ ಬಂದು ಸೇರಿದ್ದು ಯಾವುದು ಎಂದು ವಿಂಗಡಿಸುವ ಕೆಲಸ ನಮ್ಮ ಕಸುಬಿನದೇ. ಚಿತ್ರದುರ್ಗದವರಿಗೆ ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ. ಅವನು ಕೆರೆಯೊಂದನ್ನು ಕಟ್ಟಿಸಿದ ಸಂಗತಿಯನ್ನು ಹೇಳುವ ಪ್ರಾಕೃತದ ಚಿಕ್ಕ ಬರಹ ಅದು. ಎಂ. ಎಚ್. ಕೃಷ್ಣ ಅವರು ಅದನ್ನು ಓದಿ ಪ್ರಕಟಿಸಿದರು. ಅದರಲ್ಲಿ ಬರುವ ರಾಜ್ಯಗಳ ಹೆಸರುಗಳ ಬಗ್ಗೆ ಮುಂದಿನ ವಿದ್ವಾಂಸರು ಭಿನ್ನಾಭಿಪ್ರಾಯ ತಾಳಿದರು. ಇಂಥ ವಿವಾದ ಹುಟ್ಟಿದಾಗ ಮಾಡಬೇಕಾದುದು ಒಂದೇ: ಪುಸ್ತಕವನ್ನು ಬದಿಗಿಟ್ಟು ಮತ್ತೆ ಕಲ್ಲಿನ ಬಳಿಗೆ ಹೋಗುವುದು. ಜೀಪಿನ ವಿಷಯದಲ್ಲೂ ನ್ಯಾಯ ಇದೇ. ಕೇಳಿದ ಮಾತಿಗಿಂತ ತಯಾರಕರ ಕೈಪಿಡಿ ಮೇಲು. ಕೈಪಿಡಿಗಿಂತ ಕಣ್ಣೆದುರಿನ ಲೋಹ ಮೇಲು.

ಲೋಹವನ್ನು ಓದುವುದೆಂದರೇನು? ಚಾಸಿಯ ಮೇಲೆ ಒಂದು ಸಂಖ್ಯೆ ಕೆತ್ತಿರುತ್ತದೆ, ಎಂಜಿನ್ನಿನ ಮೇಲೆ ಇನ್ನೊಂದು. ಇವೆರಡೂ ಆರ್.ಸಿ. ಪುಸ್ತಕದಲ್ಲಿ ನಮೂದಾಗಿರಬೇಕು. ಎಂಜಿನ್ನಿನ ಮೈಮೇಲೆ ಉಬ್ಬಿದ ಅಂಕಿಗಳೂ ಕಾಣುತ್ತವೆ. ಅವು ಎರಕದ ಅಚ್ಚಿನ ಗುರುತುಗಳೇ ಹೊರತು ಆ ಎಂಜಿನ್ನಿನ ಸ್ವಂತ ಸಂಖ್ಯೆಯಲ್ಲ. ಒಂದೇ ಅಚ್ಚಿನಿಂದ ಸಾವಿರಾರು ಎಂಜಿನ್ನುಗಳು ಹುಟ್ಟುತ್ತವೆ. ಉಬ್ಬಿದ್ದು ಕುಲವನ್ನು ಹೇಳುತ್ತದೆ, ಕೆತ್ತಿದ್ದು ಹೆಸರನ್ನು ಹೇಳುತ್ತದೆ. ಇವೆರಡನ್ನು ಗೊಂದಲ ಮಾಡಿಕೊಂಡವರು ತಪ್ಪು ಕೈಪಿಡಿಯನ್ನು ತೆರೆದುಕೊಂಡು ಕೂರುತ್ತಾರೆ. ಇನ್ನು ಹಲವು ಕೈ ದಾಟಿ ಬಂದ ಜೀಪಿನಲ್ಲಿ ಗೇರ್ ಬಾಕ್ಸ್ ಒಂದು ಮಾದರಿಯದು, ಆಕ್ಸಲ್ ಇನ್ನೊಂದರದು ಆಗಿರುವುದೂ ಉಂಟು. ಹಿಂದಿನ ಮಾಲೀಕರು ಸೇರಿಸಿದ ಪ್ರಕ್ಷಿಪ್ತಗಳಿವು. ಇವನ್ನು ಗುರುತಿಸದೆ ಹೊಸ ಎಂಜಿನ್ನಿನ ಲೆಕ್ಕ ಹಾಕುವಂತಿಲ್ಲ.

ಜೀಪಿನ ವಂಶಾವಳಿಯನ್ನು ಸ್ವಲ್ಪ ನೋಡೋಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ 1945ರವರೆಗೆ, ಅಮೆರಿಕದ ವಿಲ್ಲಿಸ್ ಕಂಪನಿ ತಯಾರಿಸಿದ ಸೇನಾ ಜೀಪಿನಲ್ಲಿ ನಾಲ್ಕು ಸಿಲಿಂಡರಿನ, 2199 ಸಿ.ಸಿ. ಗಾತ್ರದ ಪೆಟ್ರೋಲ್ ಎಂಜಿನ್ ಇತ್ತು. ಅದರ ಶಕ್ತಿ 60 ಅಶ್ವಶಕ್ತಿ. ಸಿಲಿಂಡರಿನ ಬೋರು ಮೂರೂ ಕಾಲು ಇಂಚಿಗೆ ತುಸು ಕಡಿಮೆ, ನಿಖರವಾಗಿ 3.125 ಇಂಚು; ಪಿಸ್ಟನ್ನಿನ ಸ್ಟ್ರೋಕು 4.375 ಇಂಚು. ಆ ಜೀಪಿಗೆ ಅಮೆರಿಕದ ಸೇನೆ 1944ರ ಫೆಬ್ರವರಿಯಲ್ಲಿ ಹೊರಡಿಸಿದ ಕೈಪಿಡಿ ಇಂದಿಗೂ ಸಿಗುತ್ತದೆ. ತಾಂತ್ರಿಕ ಬರವಣಿಗೆಗೆ ಅದೊಂದು ಮಾದರಿ.

ಅನಂತರ ಅದೇ ಬೋರು, ಅದೇ ಸ್ಟ್ರೋಕು ಉಳಿಸಿಕೊಂಡು, ಗಾಳಿ ಒಳಬರುವ ವಾಲ್ವನ್ನು ಮಾತ್ರ ಮೇಲಕ್ಕೆ ಎತ್ತಿದ ಹೊಸ ಎಂಜಿನ್ ಬಂತು. ಅದರ ಹೆಸರು ಹರಿಕೇನ್. ಗಾತ್ರ ಅದೇ 2199 ಸಿ.ಸಿ.; ಶಕ್ತಿ ಮಾತ್ರ 72 ಅಶ್ವಶಕ್ತಿಗೆ ಏರಿತು. ಎಂಜಿನ್ನಿನ ಎತ್ತರ ಹೆಚ್ಚಿತಾದ್ದರಿಂದ ಅದನ್ನು ಮುಚ್ಚುವ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. 1953ರಲ್ಲಿ ಬಂದ ಸಿಜೆ-3ಬಿ ಎಂಬ ಮಾದರಿಯ ಆ ಎತ್ತರದ ಮೂತಿಗೆ ಇದೇ ಕಾರಣ. ಮಹೀಂದ್ರ ಕಂಪನಿ ನಮ್ಮ ದೇಶದಲ್ಲಿ ಬಹುಕಾಲ ತಯಾರಿಸಿದ್ದು ಈ ಮಾದರಿಯನ್ನೇ. ಎಂಜಿನ್ನಿನಲ್ಲಿ ಒಂದು ವಾಲ್ವ್ ಸ್ಥಳ ಬದಲಿಸಿದರೆ ಜೀಪಿನ ಮುಖವೇ ಬದಲಾಯಿತು ಎಂಬುದನ್ನು ಗಮನಿಸಬೇಕು. ಕಾರ್ಖಾನೆಯವರಿಗೂ ಒಂದನ್ನು ಬಿಟ್ಟು ಇನ್ನೊಂದನ್ನು ಬದಲಿಸಲು ಆಗಲಿಲ್ಲ.

1973ರ ಕೊನೆಯಲ್ಲಿ ತೈಲದ ಬಿಕ್ಕಟ್ಟು ಬಂದು ಪೆಟ್ರೋಲಿನ ಬೆಲೆ ಏರಿತು. ನಮ್ಮಲ್ಲಿ ಡೀಸೆಲ್ ಬಹುಕಾಲ ಪೆಟ್ರೋಲಿಗಿಂತ ಬಹಳ ಅಗ್ಗವಾಗಿತ್ತು. 2014ರ ಅಕ್ಟೋಬರಿನಲ್ಲಿ ಸರ್ಕಾರ ಡೀಸೆಲ್ ಬೆಲೆಯ ನಿಯಂತ್ರಣವನ್ನು ಕೈಬಿಟ್ಟ ಮೇಲೆ ಆ ಅಂತರದ ಆಕರ್ಷಣೆ ತಗ್ಗಿತು. ನಡುವಣ ದಶಕಗಳಲ್ಲಿ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸುವುದು ಗ್ಯಾರೇಜುಗಳ ಬಲ್ಲಿದ ಕೆಲಸವಾಯಿತು. ಕಂಪನಿಯೂ ಅದೇ ದಾರಿ ಹಿಡಿಯಿತು. ಮಹೀಂದ್ರ ಕಂಪನಿ 1979ರಲ್ಲಿ ಫ್ರಾನ್ಸಿನ ಪ್ಯೂಜೋ ಕಂಪನಿಯಿಂದ ಡೀಸೆಲ್ ಎಂಜಿನ್ನಿನ ಪರವಾನಗಿ ಪಡೆಯಿತು. ಆ ಎಂಜಿನ್ನಿನ ಬೋರು 90 ಮಿಲಿಮೀಟರ್, ಸ್ಟ್ರೋಕು 83 ಮಿಲಿಮೀಟರ್, ಗಾತ್ರ 2112 ಸಿ.ಸಿ.

2199 ಮತ್ತು 2112: ಕೇವಲ ಸಿ.ಸಿ. ನೋಡಿದವನು ಇವೆರಡೂ ಅಣ್ಣತಮ್ಮಂದಿರೆಂದು ಭ್ರಮಿಸಬಹುದು. ಆದರೆ ಒಂದರಲ್ಲಿ ಸ್ಟ್ರೋಕು ಬೋರಿಗಿಂತ ಉದ್ದ, ಇನ್ನೊಂದರಲ್ಲಿ ಗಿಡ್ಡ. ಪೆಟ್ರೋಲ್ ಎಂಜಿನ್ ತಾನು ಹೀರಿದ್ದನ್ನು ಸುಮಾರು ಏಳರಲ್ಲಿ ಒಂದು ಪಾಲಿಗೆ ಒತ್ತಿ, ಕಿಡಿಯಿಂದ ಹೊತ್ತಿಸುತ್ತದೆ. ಈ ಡೀಸೆಲ್ ಎಂಜಿನ್ ಗಾಳಿಯನ್ನು ಇಪ್ಪತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆಗೆ ಒತ್ತಿ, ಆ ಒತ್ತಡದ ಬಿಸಿಗೇ ಎಣ್ಣೆಯನ್ನು ಹೊತ್ತಿಸುತ್ತದೆ. ಗಾತ್ರ ಒಂದೇ ಆದರೂ ಸ್ವಭಾವ ಬೇರೆ.

ಅಶ್ವಶಕ್ತಿಯ ಅಂಕಿಯಲ್ಲೂ ಒಂದು ಮೋಸವಿದೆ. ಹಿಂದೆ ಕೊಳಗದ ಅಳತೆ ಸೀಮೆಯಿಂದ ಸೀಮೆಗೆ ಬದಲಾಗುತ್ತಿತ್ತು. ‘ಹತ್ತು ಕೊಳಗ’ ಎಂದರೆ ‘ಯಾವ ಊರಿನ ಕೊಳಗ?’ ಎಂದು ಕೇಳಬೇಕಿತ್ತು. ಹಾಗೆಯೇ 1970ರ ದಶಕದ ಆರಂಭದವರೆಗೆ ಅಮೆರಿಕದ ಕಂಪನಿಗಳು ಫ್ಯಾನು, ಹೊಗೆಕೊಳವೆ ಮೊದಲಾದ ಹೊರೆಗಳಿಲ್ಲದ ಬರಿಯ ಎಂಜಿನ್ನನ್ನು ಅಳೆದು ಅಂಕಿ ಕೊಡುತ್ತಿದ್ದವು. ಆಮೇಲೆ ಅವನ್ನೆಲ್ಲ ಕೂಡಿಸಿಕೊಂಡು ಅಳೆಯುವ ಕ್ರಮ ಬಂತು. ಹಳೆಯ 72ನ್ನೂ ಹೊಸ 62ನ್ನೂ ಪಕ್ಕಪಕ್ಕದಲ್ಲಿಟ್ಟು ‘ಹತ್ತು ಕಡಿಮೆಯಾಯಿತು’ ಎನ್ನುವ ಮುನ್ನ ಅಳೆದ ಕೊಳಗ ಯಾವುದೆಂದು ವಿಚಾರಿಸಬೇಕು. ಅಲ್ಲದೆ ಪ್ರತಿಯೊಂದು ಅಂಕಿಯ ಹಿಂದೆಯೂ ‘ನಿಮಿಷಕ್ಕೆ ಎಷ್ಟು ಸುತ್ತಿನಲ್ಲಿ?’ ಎಂಬ ಇನ್ನೊಂದು ಅಂಕಿ ಅಡಗಿದೆ. ಹರಿಕೇನ್ ಎಂಜಿನ್ನಿನ 72 ಅಶ್ವಶಕ್ತಿ 4000 ಸುತ್ತಿನಲ್ಲಿ ದೊರಕುವಂಥದು. ಅದರ ಗರಿಷ್ಠ ತಿರುಗುಬಲ, ಅಂದರೆ ಗ್ಯಾರೇಜಿನವರು ‘ಪುಲ್ಲಿಂಗ್’ ಎನ್ನುವುದು, 2000 ಸುತ್ತಿನಲ್ಲೇ ಸಿಗುತ್ತದೆ. ಗುಡ್ಡ ಹತ್ತುವವನಿಗೆ ಬೇಕಾದುದು ಈ ಎರಡನೆಯದು.

ಒಂದು ಚಿಕ್ಕ ಲೆಕ್ಕವನ್ನು ಹೇಳುತ್ತೇನೆ. ಸಿಜೆ-3ಬಿ ಜೀಪಿನ ಆಕ್ಸಲ್ಲಿನ ಅನುಪಾತ 5.38. ಅಂದರೆ ಟಾಪ್ ಗೇರಿನಲ್ಲಿ ಎಂಜಿನ್ 5.38 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ. ಚಕ್ರ ಒಂದು ಸುತ್ತಿಗೆ ಸುಮಾರು 2.15 ಮೀಟರ್ ಸಾಗುತ್ತದೆ ಎಂದಿಟ್ಟುಕೊಳ್ಳೋಣ. ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗಿದರೆ ಜೀಪಿನ ವೇಗ ಗಂಟೆಗೆ ಸುಮಾರು 96 ಕಿಲೊಮೀಟರ್. ಈಗ ಅದರ ಜಾಗದಲ್ಲಿ 3000 ಸುತ್ತಿಗಿಂತ ಹೆಚ್ಚು ತಿರುಗಬಾರದ ಡೀಸೆಲ್ ಎಂಜಿನ್ನನ್ನು ಕೂರಿಸಿದರೆ? ವೇಗ 72ಕ್ಕೆ ನಿಲ್ಲುತ್ತದೆ. ಹೊಸದುರ್ಗದ ತೋಟದ ದಾರಿಗೆ ಅದು ಧಾರಾಳವಾಯಿತು. ಹಿರಿಯೂರಿನ ಹೆದ್ದಾರಿಯಲ್ಲಿ ಮಾತ್ರ ಅದೇ ಮಾಲೀಕ ಎಂಜಿನ್ನಿನ ಆರ್ತನಾದವನ್ನು ಕೇಳುತ್ತ, ಹಿಂದಿನಿಂದ ಬರುವ ಲಾರಿಗಳ ಹಾರನ್ನಿಗೆ ದಾರಿ ಬಿಡುತ್ತ ಸಾಗಬೇಕಾಗುತ್ತದೆ. ಇದು ಎಂಜಿನ್ನಿನ ದೋಷವಲ್ಲ, ಆಕ್ಸಲ್ಲಿನ ದೋಷವೂ ಅಲ್ಲ. ಒಂದನ್ನೊಂದು ಅರಿಯದ ಇಬ್ಬರನ್ನು ಜೊತೆ ಮಾಡಿದವರ ದೋಷ. ಈ ಲೆಕ್ಕಕ್ಕೆ ಬೇಕಾದದ್ದು ಒಂದು ಕಾಗದ, ಒಂದು ಪೆನ್ಸಿಲ್ಲು ಮತ್ತು ಮೂಲದ ಎರಡು ಅಂಕಿ.

ಇಂಥ ಒಪ್ಪಂದಗಳು ಜೀಪಿನೊಳಗೆ ಇನ್ನೂ ಹಲವಿವೆ. ಕಾರಿಗೆಂದು ಮಾಡಿದ ಎಂಜಿನ್ನಿನ ಆಯಿಲ್ ಚೇಂಬರು ಮುಂದುಗಡೆ ಇಳಿದಿದ್ದರೆ, ಹಳ್ಳಕ್ಕೆ ಬಿದ್ದಾಗ ಮೇಲೆದ್ದು ಬರುವ ಜೀಪಿನ ಮುಂದಿನ ಆಕ್ಸಲ್ ಅದಕ್ಕೆ ತಗಲುತ್ತದೆ. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಲೇತಿನಲ್ಲಿ ಮಾಡಿಸಿ ಕೂರಿಸುವ ಪ್ಲೇಟು ಕೂದಲೆಳೆಯಷ್ಟು ಓರೆಯಾದರೂ ಬೇರಿಂಗು ಬಾಳುವುದಿಲ್ಲ. ಹಳೆಯ ಜೀಪುಗಳ ಗಾಜೊರೆಸುವ ವೈಪರು ಪೆಟ್ರೋಲ್ ಎಂಜಿನ್ನಿನ ಹೀರುವಿಕೆಯಿಂದ ಆಡುತ್ತಿತ್ತು. ಡೀಸೆಲ್ ಎಂಜಿನ್ನಿನ ಗಾಳಿಯ ದಾರಿಯಲ್ಲಿ ಅಂಥ ಹೀರುವಿಕೆ ಸಾಮಾನ್ಯವಾಗಿ ಇರುವುದಿಲ್ಲ. ಎಂಜಿನ್ ಬದಲಿಸಿದವನಿಗೆ ಇದು ತಿಳಿಯುವುದು ಮೊದಲ ಮಳೆಯ ದಿನ, ವೈಪರು ಅಲ್ಲಾಡದೆ ನಿಂತಾಗ.

ವೈಪರು ನಿಂತರೆ ಜೀಪನ್ನು ಬದಿಗೆ ನಿಲ್ಲಿಸಬಹುದು. ಬ್ರೇಕಿನ ಮಾತು ಹಾಗಲ್ಲ. ಹೆಚ್ಚಿನ ಒತ್ತಡವನ್ನು ತಡೆಯಬೇಕಾದ ಡೀಸೆಲ್ ಎಂಜಿನ್ನಿನ ಮೈ ದಪ್ಪ; ತೂಕವೂ ಹೆಚ್ಚು. ಆ ತೂಕ ಮುಂದಿನ ಸ್ಪ್ರಿಂಗುಗಳ ಮೇಲೆ, ಸ್ಟೇರಿಂಗಿನ ಮೇಲೆ, ಕೊನೆಗೆ ಬ್ರೇಕಿನ ಮೇಲೆ ಬೀಳುತ್ತದೆ. ಆ ಜೀಪುಗಳ ಬ್ರೇಕ್ ಡ್ರಮ್ಮಿನ ಅಳತೆ ಒಂಬತ್ತು ಇಂಚು. ಕಾರ್ಖಾನೆಯವರು ಇಂತಿಷ್ಟು ತೂಕ, ಇಂತಿಷ್ಟು ವೇಗ ಎಂದು ಲೆಕ್ಕ ಹಾಕಿ ಇಟ್ಟದ್ದು ಅದು. ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿ, ತೂಕವನ್ನು ಹೆಚ್ಚಿಸಿ, ಡ್ರಮ್ಮನ್ನು ಮಾತ್ರ ಹಾಗೆಯೇ ಬಿಟ್ಟು, ಹಿಂದುಗಡೆ ತೋಟದ ಆಳುಗಳನ್ನು ಕೂರಿಸಿಕೊಂಡು ಗುಡ್ಡ ಇಳಿಯುವವನು ಒಂಬತ್ತು ಇಂಚಿನ ಮೇಲೆ ಎಷ್ಟು ಜನರ ಬದುಕನ್ನು ಇಟ್ಟಿದ್ದಾನೆ ಎಂದು ಯೋಚಿಸಬೇಕು. ಹತ್ತುವುದು ಎಂಜಿನ್ನಿನ ಪರೀಕ್ಷೆ; ಇಳಿಯುವುದು ಮಾಲೀಕನ ವಿವೇಕದ ಪರೀಕ್ಷೆ.

ಕಾನೂನೂ ಇದೇ ಮೂಲಪಾಠವನ್ನು ಕೇಳುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ, 2000ದ ತಿದ್ದುಪಡಿಯ ತರುವಾಯ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ಗೊತ್ತುಪಡಿಸಿದ ವಿವರಗಳಿಂದ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ವಿಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಬೇರೆ ಇಂಧನಕ್ಕೆ ಹೊಂದಿಸುವ ಮಾರ್ಪಾಡಿಗೆ ಕಾಯಿದೆಯಲ್ಲಿ ಅವಕಾಶವಿದೆ, ಆದರೆ ಅದು ಗೊತ್ತುಪಡಿಸಿದ ಷರತ್ತುಗಳಿಗೆ ಒಳಪಟ್ಟದ್ದು. ಅನುಮೋದನೆಯಿಲ್ಲದೆ ಎಂಜಿನ್ ಬದಲಾಗಿದ್ದರೆ ಹದಿನಾಲ್ಕು ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಬೇಕೆಂದೂ ಅದು ಹೇಳುತ್ತದೆ. ಆದುದರಿಂದ ಹಣ ಕೊಟ್ಟು ಎಂಜಿನ್ ತಂದ ಮೇಲೆ ಆರ್.ಟಿ.ಒ. ಕಚೇರಿಯ ಮೆಟ್ಟಿಲು ಹತ್ತುವುದಲ್ಲ; ಮೊದಲು ಹತ್ತಿ, ವಿಚಾರಿಸಿ, ಆಮೇಲೆ ತರುವುದು. ಹಳೆಯ ಎಂಜಿನ್ ಕೊಳ್ಳುವಾಗ ಅದರ ಸಂಖ್ಯೆ ಬರೆದ ರಸೀದಿಯನ್ನು ಪಡೆಯಲೇಬೇಕು. ಯಾರದೋ ಕಳುವಾದ ವಾಹನದ ಹೃದಯ ನಮ್ಮ ಜೀಪಿನಲ್ಲಿ ಬಡಿಯುತ್ತಿರಬಾರದು. ದಾಖಲೆಯಲ್ಲಿಲ್ಲದ ಎಂಜಿನ್ನಿಗೆ ಅಪಘಾತವಾದ ದಿನ ವಿಮೆಯವರೂ ತಕರಾರು ತೆಗೆಯಬಹುದು.

ಕೊನೆಯದಾಗಿ ಒಂದು ಮಾತು. ಈ ಅಂಕಿಅಂಶಗಳ ಕೈಪಿಡಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಎಂಜಿನ್ ಬಿಚ್ಚಿ ಕಟ್ಟುವ ಮೇಸ್ತ್ರಿಯ ತಿಳಿವಳಿಕೆ ಇರುವುದು ಕನ್ನಡದಲ್ಲಿ, ಉರ್ದುವಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಅವನ ಬೆರಳುಗಳಲ್ಲಿ. ಯಾವ ಜೀಪಿಗೆ ಯಾವ ಕ್ಲಚ್ ಪ್ಲೇಟು ಹೊಂದಿತು, ಯಾವ ರೇಡಿಯೇಟರ್ ಸಾಲದಾಯಿತು ಎಂಬುದೆಲ್ಲ ಅವನಿಗೆ ಬಾಯಿಪಾಠ. ಅವನು ಕೈ ತೊಳೆದುಕೊಂಡು ಮನೆಗೆ ಹೋದ ದಿನ ಆ ವಿದ್ಯೆಯೂ ಅವನ ಜೊತೆಗೇ ಹೋಗುತ್ತದೆ. ಓಲೆಗರಿಯನ್ನು ಗೆದ್ದಲಿಗೆ ಬಿಟ್ಟವರೆಂದು ಹಿಂದಿನವರನ್ನು ದೂರುವ ನಾವು ನಮ್ಮ ಕಾಲದ ವಿದ್ಯೆಗೆ ಒಂದು ನೋಟುಪುಸ್ತಕವನ್ನಾದರೂ ಕೊಡಬೇಡವೇ?

ಪ್ರಾಮಾಣಿಕನಾದ ಸಂಪಾದಕ ಪಾಠವನ್ನು ತಿದ್ದಿದಾಗ ಮೂಲದಲ್ಲಿ ಏನಿತ್ತೆಂಬುದನ್ನು ಅಡಿಯಲ್ಲಿ ನಮೂದಿಸುತ್ತಾನೆ. ತಿದ್ದುವುದು ಅಪರಾಧವಲ್ಲ, ತಿದ್ದಿದ್ದನ್ನು ಮರೆಮಾಡುವುದು ಅಪರಾಧ. ಜೀಪಿನ ಮಾಲೀಕನೂ ಇದನ್ನೇ ಮಾಡಲಿ. ಮೊದಲು ಏನಿತ್ತು, ಈಗ ಏನಿದೆ, ಯಾವ ದಿನ, ಯಾವ ಅಳತೆಯಲ್ಲಿ ಬದಲಾಯಿತು ಎಂಬುದನ್ನು ಕನ್ನಡದಲ್ಲಿ ಬರೆದು ಆರ್.ಸಿ. ಪುಸ್ತಕದ ಜೊತೆಗೆ ಇಡಲಿ. ಆ ಜೀಪು ನಾಳೆ ಇನ್ನೊಬ್ಬರ ಕೈಗೆ ಹೋಗುತ್ತದೆ. ಅದನ್ನು ನಡೆಸಿಕೊಂಡು ಗುಡ್ಡ ಇಳಿಯುವವನಿಗೆ ತನ್ನ ಕಾಲ ಕೆಳಗಿನ ಬ್ರೇಕು ಯಾವ ಎಂಜಿನ್ನಿಗೆಂದು ಮಾಡಿದ್ದು ಎಂಬುದು ತಿಳಿದಿರಬೇಕು.