ಕೋಟಗಿರಿಯ ಬಂಗಲೆ, ನಮ್ಮ ಚಿರೇಕಲ್ಲಿನ ಮನೆ
(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಮೂವತ್ತು ವರ್ಷ ಕಟ್ಟಡದ ಕೆಲಸ ಮಾಡಿಸಿದವನು ನಾನು. ಹೊಸ ಕಟ್ಟಡಗಳ ಬಗ್ಗೆ ಮಾತಾಡಿಯೇನು ಎಂದು ಸಂಘಟಕರು ಎಣಿಸಿರಬಹುದು. ಆದರೆ ಇವತ್ತು ಹಳೆಯ ಮನೆಯೊಂದರ ಕಥೆ ಹೇಳುತ್ತೇನೆ.

ಇಂಗ್ಲಿಷರಿಗೆ ನಮ್ಮ ಸೀಮೆ ಹೊಸದಲ್ಲ. 1638ರಲ್ಲೇ ಕೋರ್ಟೀನ್ ಸಂಘದ ವರ್ತಕರು ಕಾರವಾರದಲ್ಲಿ ಕೋಠಿ ತೆರೆದರು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು, ಆಮೇಲೆ ಸಾಹೇಬರ ಬಂಗಲೆಗಳು ಎದ್ದವು. ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಸತ್ಯೇಂದ್ರನಾಥ ಟಾಗೋರರ ಮನೆಗೆ 1883ರಲ್ಲಿ ತಮ್ಮ ರವೀಂದ್ರನಾಥರು ಬಂದದ್ದು, ಇಲ್ಲೇ ನಾಟಕ ಬರೆದದ್ದು ನಿಮಗೆಲ್ಲ ಗೊತ್ತು. ಕಡಲ ದಂಡೆಗೆ ಅವರ ಹೆಸರಿಟ್ಟಿದ್ದೇವೆ. ಹೆಸರಿಡುವುದು ಸುಲಭ, ಗೋಡೆ ಉಳಿಸುವುದು ಕಷ್ಟ.

ನಾನು ನೋಡಿ ಬಂದ ಬಂಗಲೆ ನೀಲಗಿರಿಯ ಕೋಟಗಿರಿ ಹತ್ತಿರದ ಕನ್ನೇರಿಮುಕ್ಕಿನಲ್ಲಿದೆ. ಅಲ್ಲಿಯ ಬಡಗರ ಮಾತು ಕೇಳಿದರೆ ನಮಗೆ ಅರ್ಧ ತಿಳಿಯುತ್ತದೆ. ಬಡಗಣ ದಿಕ್ಕಿನಿಂದ, ಮೈಸೂರು ಸೀಮೆಯಿಂದ ಬಂದವರು ಎಂದು ಅವರ ಹಿರಿಯರು ಹೇಳುತ್ತಾರೆ. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಗುಡ್ಡ ಹತ್ತಿ ಬಂದು ಅಲ್ಲಿ ಮನೆ ಕಟ್ಟಿಸಿದ. ಆಮೇಲೆ ಊಟಿಗೆ ಹೋಗಿ ಕಲ್ಲು ಬಂಗಲೆ ಕಟ್ಟಿಸಿದ, ಅದು ಈಗ ಸರ್ಕಾರಿ ಕಾಲೇಜಿನ ಆವರಣದಲ್ಲಿದೆ. ಗುಡ್ಡದ ಜನರ ಭೂಮಿಯ ಹಕ್ಕಿನ ಪರವಾಗಿ ಅವನು ತನ್ನ ಸರ್ಕಾರದೊಡನೆ ವಾದಿಸಿದ್ದೂ ಹೌದು, ತಾನೇ ಅಗ್ಗಕ್ಕೆ ಭೂಮಿ ಮಾಡಿಕೊಂಡದ್ದೂ ಹೌದು. 1838ರಲ್ಲಿ ಹೆಂಡತಿಯನ್ನೂ ಮಗಳನ್ನೂ ಊಟಿಯ ಮಣ್ಣಿಗೆ ಕೊಟ್ಟ.

ಕನ್ನೇರಿಮುಕ್ಕಿನ ಮನೆ ಮಾತ್ರ ಹಾಳುಬಿದ್ದಿತ್ತು. ಅದನ್ನು ಕೆಡವಿ ಹೊಸತು ಕಟ್ಟಿದ್ದರೆ ಕೇಳುವವರು ಯಾರಿದ್ದರು? 2000ದ ಆಚೆಗೆ ಜಿಲ್ಲಾಡಳಿತ ಮುಂದೆ ಬಂದು ಅದನ್ನು ದುರಸ್ತಿ ಮಾಡಿಸಿತು. ಈಗ ಅಲ್ಲಿ ನೀಲಗಿರಿಯ ಹಳೆಯ ಚಿತ್ರ, ದಾಖಲೆಗಳ ಸಂಗ್ರಹವಿದೆ. ಸಾಹೇಬನ ಮನೆ ನಮಗೇಕೆ ಎಂದು ಯಾರಾದರೂ ಕೇಳಬಹುದು. ಕಟ್ಟಿಸಿದವನು ಸಾಹೇಬ, ಕಲ್ಲು ಹೊತ್ತವರು, ಗೋಡೆ ಎಬ್ಬಿಸಿದವರು ನಮ್ಮವರೇ ತಾನೆ?

ಇನ್ನು ನಮ್ಮ ಚಿರೇಕಲ್ಲಿಗೆ ಬರೋಣ. ಇದಕ್ಕೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್. 1801ರಲ್ಲಿ ನಮ್ಮ ಕರಾವಳಿಯಲ್ಲೂ ಅಡ್ಡಾಡಿದವನು. ನೆಲದಿಂದ ಕಡಿಯುವಾಗ ಮೆತ್ತಗಿರುವ ಈ ಕಲ್ಲು ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ ಎಂಬುದು ನಮ್ಮ ಕಲ್ಲುಕುಟಿಗರಿಗೆ ಅವನಿಗಿಂತ ಮೊದಲೇ ಗೊತ್ತಿತ್ತು. ನಮ್ಮ ಹಿರಿಯರು ನದಿಯ ಚಿಪ್ಪು ಸುಟ್ಟು ಸುಣ್ಣ ಮಾಡಿ, ನೀರಲ್ಲಿ ಕೊಳೆಹಾಕಿ ಗಾರೆ ಮಾಡುತ್ತಿದ್ದರು. ಅಂಥ ಗೋಡೆ ಆಷಾಢದಲ್ಲಿ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ನೀರು ಒಳಗೇ ಉಳಿಯುತ್ತದೆ. ಹೊರಗಿನಿಂದ ಗೋಡೆ ಚಂದ ಕಾಣುತ್ತದೆ, ಒಳಗೆ ಕಲ್ಲು ಪುಡಿಯಾಗುತ್ತದೆ. ನಾಲ್ಕೈದು ಮಳೆಗಾಲ ಕಳೆದ ಮೇಲೆ ಗಿಲಾವು ಹಾಳೆಯಾಗಿ ಕಳಚುತ್ತದೆ, ನಾವು 'ಹಳೆ ಮನೆ, ಇನ್ನು ಬಾಳುವುದಿಲ್ಲ' ಎಂದು ತೀರ್ಪು ಕೊಡುತ್ತೇವೆ. ಸಿಮೆಂಟು ಚಿರಂಜೀವಿಯೇನಲ್ಲ. ನಾಲ್ಕು ದಶಕದ ನಮ್ಮ ಕಾಳಿ ಸೇತುವೆ 2024ರ ಆಗಸ್ಟಿನ ಆ ರಾತ್ರಿ ಏನಾಯಿತು ಎಂದು ನಿಮಗೆ ಹೇಳಬೇಕಾಗಿಲ್ಲ.

ಈ ಮಾತು ನಮ್ಮ ಮನೆಯಲ್ಲೂ ಎದ್ದಿದೆ. ಅಜ್ಜ ಕಟ್ಟಿದ ಹಂಚಿನ ಮನೆ ಕೆಡವಿ ಸ್ಲ್ಯಾಬ್ ಹಾಕಿಸೋಣ ಎಂದು ಅಣ್ಣನ ಮಕ್ಕಳು ಹೇಳುತ್ತಾರೆ. ಅವರ ಮಾತು ಸುಳ್ಳಲ್ಲ. ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸಲು ಆಳು ಸಿಗುವುದಿಲ್ಲ. ಪಕಾಸಿಗೆ ಗೆದ್ದಲು, ಮೇಲೆ ಮಂಗಗಳ ಓಡಾಟ. ಗೋವಾದಲ್ಲಿ ಕೆಲಸಕ್ಕಿರುವ ಹುಡುಗರಿಗೆ ವರ್ಷಕ್ಕೆ ಎರಡು ಸಲ ಬಂದು ಮನೆ ನೋಡಿಕೊಳ್ಳಲು ಪುರುಸೊತ್ತು ಎಲ್ಲಿ? ಅತ್ತಿಗೆಯೂ ಅವರ ಕಡೆಗೇ. ಮಳೆಗಾಲದ ನಡುರಾತ್ರಿ ಸೋರುವ ನೀರಿಗೆ ಪಾತ್ರೆ ಇಟ್ಟವರು ಅವರೇ, ನಾನಲ್ಲ.

ಎರಡು ವರ್ಷ ಅವಕಾಶ ಕೊಡಿ ಎಂದು ಕೇಳಿಕೊಂಡಿದ್ದೇನೆ. ಒಪ್ಪಿದ್ದಾರೆ, ಅರೆಮನಸ್ಸಿನಿಂದ. ಬರುವ ಬೇಸಿಗೆಯಲ್ಲಿ ಪಡುವಣ ಗೋಡೆಯ ಸಿಮೆಂಟು ಕೆರೆದು ಸುಣ್ಣದ ಗಾರೆ ಹಾಕಿಸುತ್ತೇನೆ. ಸುಣ್ಣದ ಕೆಲಸ ಬಲ್ಲ ಹಿರಿಯ ಮೇಸ್ತ್ರಿಯೊಬ್ಬರು ಒಪ್ಪಿದ್ದಾರೆ, ಜೊತೆಗೆ ಕಲಿಯಲು ಇಬ್ಬರು ಹುಡುಗರು ಬೇಕಂತೆ. ಒಂಬತ್ತು-ಹತ್ತನೇ ತರಗತಿಯ ಮಕ್ಕಳು ಟೇಪು ಹಿಡಿದು ಬಂದರೆ ಮನೆಯ ಅಳತೆ ತೆಗೆದು ನಕ್ಷೆ ಬರೆಯುವುದನ್ನು ನಾನೇ ತೋರಿಸಿಕೊಡುತ್ತೇನೆ. ಮನೆ ಉಳಿಯದಿದ್ದರೂ ನಕ್ಷೆ ಈ ಶಾಲೆಯಲ್ಲಿ ಇರಲಿ. ಬರುವವರು ಗುರುಗಳ ಹತ್ತಿರ ಹೆಸರು ಕೊಡಿ.