ಮಗಳೊಂದಿಗೆ ಸೈಕಲ್‌ನಲ್ಲಿ ಘಟ್ಟ ಹತ್ತಿದಾಗ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



‘ಮಕ್ಕಳ ಶಿಕ್ಷಣದಲ್ಲಿ ಹೆತ್ತವರ ಪಾತ್ರ’ ಎಂಬ ವಿಷಯದ ಬಗ್ಗೆ ಮಾತನಾಡಲು ನನಗೆ ತಿಳಿಸಿದ್ದಾರೆ. ಫೀಸು, ಟ್ಯೂಷನ್, ಮೊಬೈಲ್ ಇವುಗಳ ಬಗ್ಗೆ ನೀವು ಈಗಾಗಲೇ ಸಾಕಷ್ಟು ಕೇಳಿದ್ದೀರಿ. ಆದ್ದರಿಂದ ನಾನು ಒಂದು ಪ್ರಯಾಣದ ಮೂಲಕ ಈ ವಿಷಯಕ್ಕೆ ಬರುತ್ತೇನೆ.

2024ರ ಮೇ ತಿಂಗಳಲ್ಲಿ ನಾನು ಮತ್ತು ಎಸೆಸೆಲ್ಸಿ ಪರೀಕ್ಷೆ ಮುಗಿಸಿದ್ದ ನನ್ನ ಮಗಳು ಪುತ್ತೂರಿನಿಂದ ಸುಳ್ಯ, ಸಂಪಾಜೆ, ಮಡಿಕೇರಿ, ಕುಶಾಲನಗರ, ಹುಣಸೂರು ಮಾರ್ಗವಾಗಿ ಮೈಸೂರಿಗೆ ಸೈಕಲ್‌ನಲ್ಲಿ ಹೋದೆವು. ಸುಮಾರು 200 ಕಿಲೋಮೀಟರ್ ದೂರ, ನಾಲ್ಕು ದಿನದ ಹಾದಿ. ಆಸೆ ಅವಳದ್ದು. “ಹೆಣ್ಣು ಮಗು, ಈ ಬಿಸಿಲಲ್ಲಿ, ಘಟ್ಟದಲ್ಲಿ, ಸೈಕಲ್‌ನಲ್ಲಾ?” ಎಂದು ನನ್ನ ಉಮ್ಮ ಕೇಳಿದರು. ಆ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆಯಿತ್ತು. ಪಿಯುಸಿ ವಿಜ್ಞಾನ ಓದಲು ಅವಳು ಬೇರೆ ಊರಿನ ಹಾಸ್ಟೆಲ್‌ಗೆ ಹೋಗಬೇಕೇ ಬೇಡವೇ ಎಂದು ಮನೆಯಲ್ಲಿ ತಿಂಗಳಿನಿಂದ ಚರ್ಚೆ ನಡೆಯುತ್ತಿತ್ತು. ‘ಅವಳಿಂದಾಗದು’ ಎಂಬುದೇ ಹೆಚ್ಚಿನವರ ಅಭಿಪ್ರಾಯವಾಗಿತ್ತು.

ಮೇ ತಿಂಗಳ ಕರಾವಳಿಯ ಸೆಕೆ ನಿಮಗೆ ಗೊತ್ತು. ಗಾಳಿಯಲ್ಲಿ ತೇವಾಂಶ ಹೆಚ್ಚಿರುವುದರಿಂದ ಬೆವರು ಬೇಗ ಆರುವುದಿಲ್ಲ. ಬೆವರು ಆರದೆ ಮೈ ತಣ್ಣಗಾಗುವುದಿಲ್ಲ. ಏರುದಾರಿಯಲ್ಲಿ ಸೈಕಲ್ ನಿಧಾನವಾದಾಗ ಮುಖಕ್ಕೆ ಬಡಿಯುವ ಗಾಳಿಯೂ ಇರುವುದಿಲ್ಲ. ಆದ್ದರಿಂದ ಫಜ್ರ್ ನಮಾಝ್ ಮುಗಿಸಿದ ಕೂಡಲೇ ಹೊರಡುವುದು, ಹನ್ನೊಂದು ಗಂಟೆಗೆ ನಿಲ್ಲಿಸುವುದು, ಬಿಸಿಲು ಇಳಿದ ಮೇಲೆ ಮತ್ತೆ ಹೊರಡುವುದು ಎಂದು ಕ್ರಮ ಮಾಡಿಕೊಂಡೆವು. ಬೆವರಿನೊಂದಿಗೆ ಉಪ್ಪೂ ಹೋಗುವುದರಿಂದ ಬರೀ ನೀರು ಸಾಲದು. ಉಪ್ಪು ಹಾಕಿದ ಮಜ್ಜಿಗೆ, ಗಂಜಿ ಉಪ್ಪಿನಕಾಯಿ, ಓಆರ್‌ಎಸ್ ಪೊಟ್ಟಣ ಇವೇ ನಮ್ಮ ಔಷಧಿ. ಮಧ್ಯಾಹ್ನದ ವಿಶ್ರಾಂತಿಗೆ ದಾರಿಯ ಮಸೀದಿಗಳು, ಬಂಧುಗಳ ಮನೆಗಳು ಸಿಕ್ಕಿದವು. ಒಂದೆರಡು ಕಡೆ ಗುರುತೇ ಇಲ್ಲದ ಮನೆಯವರು, ಅವರಲ್ಲಿ ಬೇರೆ ಧರ್ಮದವರೂ ಇದ್ದರು, ನೀರು ಕೇಳಿದರೆ ಊಟಕ್ಕೇ ಕೂರಿಸಿದರು.

ಎರಡನೆಯ ದಿನ ಘಟ್ಟ. ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರ್‌ಗೂ ಎತ್ತರದಲ್ಲಿದೆ. ಸಂಪಾಜೆ ದಾಟಿದ ಮೇಲೆ ಬಹುಪಾಲು ಏರು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಪರಿಸರದಲ್ಲಿ ಗುಡ್ಡ ಕುಸಿದು ಈ ರಸ್ತೆ ತಿಂಗಳುಗಟ್ಟಲೆ ತೊಂದರೆಗೊಳಗಾಗಿತ್ತು. ಆ ದಾರಿಯಲ್ಲಿ ನಾನು ಮುಂದೆ ಹೋಗಿ ಅವಳನ್ನು ಕರೆಯುತ್ತಾ ಹೋಗಬಹುದಿತ್ತು. ಆದರೆ ಮೊದಲೇ ಒಪ್ಪಂದವಾಗಿತ್ತು: ಅವಳು ಮುಂದೆ, ನಾನು ಹಿಂದೆ. ಎಲ್ಲಿ ನಿಲ್ಲಬೇಕು, ಎಷ್ಟು ವೇಗವಾಗಿ ಹೋಗಬೇಕು ಎಂಬುದು ಅವಳ ತೀರ್ಮಾನ. ಹಿಂದಿನಿಂದ ಬರುವ ಲಾರಿ, ಬಸ್ಸುಗಳ ಮೇಲೆ ಕಣ್ಣಿಡುವುದು ಮಾತ್ರ ನನ್ನ ಕೆಲಸ.

ಒಂದು ಗಂಟೆಯಾಗುವಷ್ಟರಲ್ಲಿ ಅವಳು ತನ್ನದೇ ಲೆಕ್ಕವನ್ನು ಕಂಡುಕೊಂಡಳು. “ಉಪ್ಪಾ, ಮಡಿಕೇರಿ ಎಷ್ಟು ದೂರ ಎಂದು ಹೇಳಬೇಡಿ. ಮುಂದಿನ ತಿರುವಿನವರೆಗೆ ಹೋಗೋಣ” ಎಂದಳು. ತಿರುವು ಬಂದಾಗ ಮತ್ತೆ ಮುಂದಿನ ತಿರುವು. ತುಳಿಯಲಾಗದ ಕಡೆ ಇಳಿದು ತಳ್ಳಿದೆವು. ಒಂದು ಕಡೆ ಹಿಂತಿರುಗಿ ನೋಡಿ, “ಇಲ್ಲಿ ಹತ್ತು ನಿಮಿಷ ಕೂರೋಣ, ನಿಮಗೆ ಉಸಿರು ಬರುತ್ತಿಲ್ಲ” ಎಂದಳು. ಅವಳನ್ನು ನೋಡಿಕೊಳ್ಳಲು ಹೊರಟವನನ್ನು ಅವಳೇ ನೋಡಿಕೊಳ್ಳುತ್ತಿದ್ದಳು! ಅಸರ್ ಕಳೆದು ಮಡಿಕೇರಿ ತಲುಪಿದೆವು. ಮರುದಿನದ ಇಳಿಜಾರಿನಲ್ಲಿ ಬ್ರೇಕನ್ನು ಒಂದೇ ಸಮನೆ ಹಿಡಿಯದೆ ಬಿಟ್ಟು ಬಿಟ್ಟು ಹಿಡಿಯುವುದನ್ನು ಅಭ್ಯಾಸ ಮಾಡಿದೆವು. ಕುಶಾಲನಗರದ ಆಚೆ ಹೊಗೆಸೊಪ್ಪಿನ ಹೊಲಗಳ ನಡುವೆ ದಾರಿ ಸುಲಭವಾಗಿತ್ತು.

ಪ್ರಿಯ ಸಹೋದರ ಸಹೋದರಿಯರೇ, ಸೈಕಲ್ಲು ಹೆಣ್ಣು ಮಕ್ಕಳ ಶಿಕ್ಷಣದಲ್ಲಿ ಮಾಡಿರುವ ಕೆಲಸ ಸಣ್ಣದಲ್ಲ. ತಮಿಳುನಾಡಿನ ಬರಪೀಡಿತ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನವು ಅಕ್ಷರದ ಜೊತೆಗೆ ಸೈಕಲ್ ಸವಾರಿಯನ್ನೂ ಕಲಿಸಿತು. ಸಾವಿರಾರು ಹಳ್ಳಿ ಹೆಂಗಸರು ಕಲಿತರು. ಅವರಲ್ಲಿ ಮುಸ್ಲಿಂ ಮಹಿಳೆಯರೂ ಇದ್ದರು. ಬಿಹಾರದಲ್ಲಿ ಪ್ರೌಢಶಾಲೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ನೀಡುವ ಯೋಜನೆ 2006ರಲ್ಲಿ ಆರಂಭವಾಯಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇದರಿಂದ ಪ್ರೌಢಶಾಲೆಗೆ ಹುಡುಗಿಯರ ದಾಖಲಾತಿ ಶೇ. 32ರಷ್ಟು ಹೆಚ್ಚಿತು. ನಮ್ಮ ರಾಜ್ಯದಲ್ಲೂ 2006-07ರಲ್ಲಿ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ವಿತರಣೆ ಆರಂಭವಾಗಿತ್ತು. ಹುಡುಗಿಯರ ಓದು ಎಷ್ಟೋ ಬಾರಿ ನಿಲ್ಲುವುದು ಬುದ್ಧಿ ಸಾಲದೆ ಅಲ್ಲ, ದಾರಿ ಸಾಗದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇದು ನಮಗೆ ಹೊಸ ವಿಚಾರವೂ ಅಲ್ಲ. 1325ರಲ್ಲಿ, ತನ್ನ 21ನೇ ವಯಸ್ಸಿನಲ್ಲಿ, ಹಜ್ಜ್‌ಗೆಂದು ಮೊರೊಕ್ಕೋದ ಟ್ಯಾಂಜಿಯರ್‌ನಿಂದ ಹೊರಟ ಇಬ್ನ್ ಬತೂತಾ ಮುಂದೆ ನಮ್ಮ ಹೊನ್ನಾವರಕ್ಕೂ ಬಂದಿದ್ದ. ಅಲ್ಲಿ ಹುಡುಗಿಯರಿಗಾಗಿ 13, ಹುಡುಗರಿಗಾಗಿ 23 ಶಾಲೆಗಳನ್ನು ಕಂಡೆನೆಂದು ಅವನು ದಾಖಲಿಸಿದ್ದಾನೆ. ನಮ್ಮ ಧರ್ಮವು ಪ್ರಯಾಣಿಕನ ಕಷ್ಟವನ್ನು ಅರಿತಿದೆ. ನಾಲ್ಕು ರಕಅತ್‌ನ ನಮಾಝನ್ನು ಎರಡಕ್ಕೆ ಇಳಿಸಲು, ಉಪವಾಸವನ್ನು ಮುಂದೂಡಲು ಅನುಮತಿ ನೀಡಿದೆ. ಹಾದಿಯನ್ನು ಮುಚ್ಚದೆ, ಭಾರವನ್ನು ಹಗುರ ಮಾಡಿದೆ. ಹೆತ್ತವರು ಕಲಿಯಬೇಕಾದ ಪಾಠ ಇಲ್ಲಿದೆ.

ಹಾಗೆಂದು ನೀವೆಲ್ಲರೂ ಘಟ್ಟ ಹತ್ತಬೇಕೆಂದು ನಾನು ಹೇಳುತ್ತಿಲ್ಲ. ಮಗ ಅಥವಾ ಮಗಳು ಹೋಗಬೇಕಾದ ಕಾಲೇಜಿನ ದಾರಿಯಲ್ಲಿ ಒಂದು ದಿನ ನೀವೂ ಜೊತೆಯಾಗಿ ಹೋಗಿ. ಬಸ್ಸು ಎಷ್ಟು ಗಂಟೆಗೆ, ನಿಲ್ದಾಣದಿಂದ ಎಷ್ಟು ನಡೆಯಬೇಕು, ಸಂಜೆ ದಾರಿದೀಪ ಇದೆಯೇ ಎಂದು ಕಣ್ಣಾರೆ ನೋಡಿ. ಆಮೇಲೆ ಹೌದು ಅಥವಾ ಬೇಡ ಎನ್ನಿ. ನೋಡದೆ ಬೇಡ ಎನ್ನುವುದು ಕಾಳಜಿಯಾಗುವುದಿಲ್ಲ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ನಂಬಿಕೆಯನ್ನು ಕೇಳಿ ಪಡೆಯಲಾಗದು, ಗಳಿಸಬೇಕಾಗುತ್ತದೆ. ಮೈಸೂರಿನಿಂದ ಮರಳಿದ ಮೇಲೆ ನಮ್ಮ ಮನೆಯಲ್ಲಿ ಹಾಸ್ಟೆಲ್ ಚರ್ಚೆ ಹೆಚ್ಚು ಹೊತ್ತು ನಡೆಯಲಿಲ್ಲ. ಮೊದಲು ಒಪ್ಪಿದವರು ನನ್ನ ಉಮ್ಮ. ಸಂಪಾಜೆ ಘಟ್ಟ ಹತ್ತಿದವಳಿಗೆ ಹಾಸ್ಟೆಲ್ ಮೆಟ್ಟಿಲು ಕಷ್ಟವಾಗದು ಎಂದರು.

ನಮ್ಮ ಮಕ್ಕಳ ಜ್ಞಾನದ ಹಾದಿಯನ್ನು ಅಲ್ಲಾಹನು ಸುಗಮಗೊಳಿಸಲಿ, ಅವರ ಹಿಂದೆ ಸಹನೆಯಿಂದ ಸಾಗುವ ಶಕ್ತಿಯನ್ನು ನಮಗೂ ಕರುಣಿಸಲಿ ಎಂಬ ದುಆದೊಂದಿಗೆ ನನ್ನ ಮಾತನ್ನು ಮುಗಿಸುತ್ತೇನೆ. ವಸ್ಸಲಾಂ.